ಹದಿನೈದೇ ದಿನ, ಆದರೆ ಯಾವ ಹದಿನೈದು?

ಹಾಸನ, ಚಿಕ್ಕಮಗಳೂರು ಕಡೆಯ ಪತ್ರಿಕೆಗಳಲ್ಲಿ ಬಂಧನದ ಸುದ್ದಿ ಬಂದರೆ ಕೊನೆಯ ಸಾಲು ಸಾಮಾನ್ಯವಾಗಿ ಎರಡರಲ್ಲಿ ಒಂದು ಇರುತ್ತದೆ. ‘ಆರೋಪಿಯನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಗಿದೆ.’ ಇಲ್ಲವೇ ‘ಐದು ದಿನ ಪೊಲೀಸ್ ಕಸ್ಟಡಿಗೆ ನೀಡಲಾಗಿದೆ.’ ಬಹಳ ಜನ ಈ ಸಾಲನ್ನು ಓದದೆ ಪುಟ ತಿರುಗಿಸುತ್ತಾರೆ. ಓದಿದವರಿಗೂ ಎರಡರ ನಡುವಿನ ವ್ಯತ್ಯಾಸ ಅಷ್ಟು ಸ್ಪಷ್ಟ ಇರುವುದಿಲ್ಲ. ಎರಡರಲ್ಲೂ ಮನುಷ್ಯ ಕಂಬಿ ಹಿಂದೆ ತಾನೇ?

ಈಗ ಇನ್ನೊಂದು ಗೊಂದಲ ಸೇರಿಕೊಂಡಿದೆ. ಜೈಲಿಗೆ ಹೋಗಿ ಮೂರು ವಾರ ಆದವನನ್ನೂ ಮತ್ತೆ ಠಾಣೆಗೆ ಕರೆತರಲು ಹೊಸ ಕಾನೂನು ಅವಕಾಶ ಕೊಡುತ್ತದೆ. ‘ಹದಿನೈದು ದಿನ ಮುಗಿದರೆ ಪೊಲೀಸರು ಮುಟ್ಟುವ ಹಾಗಿಲ್ಲ’ ಅಂತ ನಂಬಿದ್ದವರಿಗೆ ಇದು ಅರ್ಥವಾಗುತ್ತಿಲ್ಲ. ‘ಈಗ 90 ದಿನ ಲಾಕಪ್ಪಿನಲ್ಲೇ ಇಡಬಹುದಂತೆ’ ಅನ್ನುವ ಮಾತೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದು ತಪ್ಪು. ಆದರೆ ಪೂರ್ತಿ ಆಧಾರವಿಲ್ಲದ ಭಯವೂ ಅಲ್ಲ. ಯಾಕೆ ಅನ್ನುವುದನ್ನು ಬಿಡಿಸಿ ನೋಡೋಣ.

ಎರಡು ಬಾಗಿಲು, ಎರಡು ಬೀಗದ ಕೈ

ಸಂವಿಧಾನದ 22ನೇ ವಿಧಿ ಹೇಳುವುದು ಸರಳ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಪ್ರಯಾಣಕ್ಕೆ ಬೇಕಾದ ಸಮಯ ಇದರಲ್ಲಿ ಸೇರುವುದಿಲ್ಲ. ಅಲ್ಲಿಂದ ಮುಂದೆ ಆ ಮನುಷ್ಯ ಎಲ್ಲಿರಬೇಕು ಅಂತ ತೀರ್ಮಾನಿಸುವುದು ಮ್ಯಾಜಿಸ್ಟ್ರೇಟರು, ಪೊಲೀಸರಲ್ಲ. ಈ ತೀರ್ಮಾನಕ್ಕೇ ರಿಮಾಂಡ್ ಅನ್ನುವುದು.

ದಾರಿ ಎರಡು. ಕೋರ್ಟಿನ ಆವರಣದಲ್ಲಿ ಇವಕ್ಕೆ ‘ಪಿಸಿ’, ‘ಜೆಸಿ’ ಅಂತಾರೆ. ಪಿಸಿ ಅಂದರೆ ಇಲ್ಲಿ ಕಾನ್‌ಸ್ಟೇಬಲ್ ಅಲ್ಲ, ಪೊಲೀಸ್ ಕಸ್ಟಡಿ. ಜೆಸಿ ಅಂದರೆ ಜುಡಿಷಿಯಲ್ ಕಸ್ಟಡಿ, ನ್ಯಾಯಾಂಗ ಬಂಧನ. ಪಿಸಿಗೆ ಕೊಟ್ಟರೆ ಆರೋಪಿ ಇರುವುದು ಠಾಣೆಯ ಲಾಕಪ್ಪಿನಲ್ಲಿ. ಜೆಸಿಗೆ ಕಳಿಸಿದರೆ ಜೈಲಿನಲ್ಲಿ.

ಲಾಕಪ್ ಅಂದರೆ ಏನು ಅಂತ ಹತ್ತಿರದಿಂದ ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಠಾಣೆಯ ದಾಖಲೆ ಬರೆಯುವ ರೈಟರ್ ಕೂರುವ ಜಾಗದಿಂದ ಕಣ್ಣಿಗೆ ಬೀಳುವ ಹಾಗೆ ಸರಳಿನ ಬಾಗಿಲ ಒಂದು ಚಿಕ್ಕ ಕೋಣೆ. ಒಳಗೆ ಹಾಕುವ ಮುಂಚೆ ಬೆಲ್ಟು, ಶೂ ಲೇಸು, ಸೊಂಟದ ಉಡಿದಾರ ಎಲ್ಲ ಬಿಚ್ಚಿಸುತ್ತಾರೆ. ಕುತ್ತಿಗೆಗೆ ಸುತ್ತಿಕೊಂಡಾನು ಅನ್ನುವ ಭಯ. ಮಂಚ ಇಲ್ಲ. ಮಲೆನಾಡಿನ ಜುಲೈ ರಾತ್ರಿಯಲ್ಲಿ ಸಿಮೆಂಟ್ ನೆಲ ಹೇಗೆ ಕೊರೆಯುತ್ತದೆ ಅಂತ ಮೂಡಿಗೆರೆ, ಸಕಲೇಶಪುರದವರಿಗೆ ಹೇಳಬೇಕಿಲ್ಲ. ಈ ಕೋಣೆ ಇರುವುದೇ ಒಂದೆರಡು ರಾತ್ರಿಗೆ ಅನ್ನುವ ಲೆಕ್ಕದಲ್ಲಿ. ವಾರಗಟ್ಟಲೆ ಬದುಕಲು ಅಲ್ಲ.

ಜೈಲು ಸುಖದ ಜಾಗ ಅಂತ ಯಾರೂ ಹೇಳುವುದಿಲ್ಲ. ಆದರೆ ಅಲ್ಲಿ ಒಳಗೆ ಬಂದವನ ಹೆಸರು ರಿಜಿಸ್ಟರಿಗೆ ಏರುತ್ತದೆ, ಮೈಮೇಲಿನ ಗಾಯ ಬರೆದುಕೊಳ್ಳುತ್ತಾರೆ, ಮನೆಯವರ ಭೇಟಿಗೆ ದಿನ ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಜೈಲಿನ ಅಧೀಕ್ಷಕರಿಗೆ ಆ ಕೇಸು ಗೆಲ್ಲಬೇಕೆಂಬ ಗರಜು ಇಲ್ಲ. ತನಿಖಾಧಿಕಾರಿಗೆ ಇದೆ. ಕಳವಾದ ಮಾಲು ಸಿಗಬೇಕು, ಮೇಲಿನವರಿಗೆ ಉತ್ತರ ಕೊಡಬೇಕು. ಸಾಕ್ಷ್ಯ ಬೇಕಾದವನ ಕೈಗೇ ಕೋಣೆಯ ಬೀಗದ ಕೈಯನ್ನೂ ಕೊಟ್ಟರೆ ಏನಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಅದಕ್ಕೇ ಕಾನೂನು ಎರಡು ಬಾಗಿಲಿಗೆ ಎರಡು ಇಲಾಖೆಯವರನ್ನು ನಿಲ್ಲಿಸಿದೆ. ಎರಡೂ ಗೃಹ ಇಲಾಖೆಯ ಕೆಳಗೇ ಬರುತ್ತವೆ, ಅದು ಬೇರೆ ಮಾತು.

ದಿನಗಳ ಲೆಕ್ಕದ ಜಗಳ ಇಷ್ಟು ದೊಡ್ಡದಾಗಲು ಇದೇ ಕಾರಣ. ಎಷ್ಟು ದಿನ ಒಳಗಿದ್ದ ಅನ್ನುವುದಕ್ಕಿಂತ ಅವನ ಬೀಗದ ಕೈ ಯಾವ ದಿನ ಯಾರ ಬಳಿ ಇತ್ತು ಅನ್ನುವುದೇ ಇಲ್ಲಿ ಮುಖ್ಯ.

ಹಳೆ ಲೆಕ್ಕ

1973ರ ದಂಡ ಪ್ರಕ್ರಿಯಾ ಸಂಹಿತೆಯ 167ನೇ ಕಲಂ ಪ್ರಕಾರ ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿರಲಿಲ್ಲ. ಆದರೆ ಆ 15 ಯಾವ 15? ಸುಪ್ರೀಂ ಕೋರ್ಟ್ 1992ರಲ್ಲಿ ಅನುಪಮ್ ಕುಲಕರ್ಣಿ ಪ್ರಕರಣದಲ್ಲಿ ಉತ್ತರ ಕೊಟ್ಟಿತು. ಮೊದಲ ರಿಮಾಂಡಿನಿಂದ ಎಣಿಸಿದ ಮೊದಲ 15 ದಿನ ಮಾತ್ರ. ಅದರೊಳಗೆ ಪಿಸಿಯಿಂದ ಜೆಸಿಗೆ, ಜೆಸಿಯಿಂದ ಪಿಸಿಗೆ ಹೋಗಿ ಬರಬಹುದು. ಹದಿನಾರನೇ ದಿನ ಬೆಳಗಾದರೆ ಆ ಕೇಸಿನ ಮಟ್ಟಿಗೆ ಠಾಣೆಯ ಬಾಗಿಲು ಮುಚ್ಚಿತು. ಪೊಲೀಸರು ಪ್ರಶ್ನೆ ಕೇಳಬೇಕಿದ್ದರೆ ಕೋರ್ಟಿನ ಅನುಮತಿ ಪಡೆದು ಜೈಲಿಗೇ ಹೋಗಬೇಕು.

‘ಆ ಕೇಸಿನ ಮಟ್ಟಿಗೆ’ ಅನ್ನುವುದನ್ನು ಗಮನಿಸಿ. ಅದೇ ತೀರ್ಪು ಇನ್ನೊಂದು ಮಾತೂ ಹೇಳಿತ್ತು. ಬೇರೆ ಪ್ರಕರಣದಲ್ಲಿ ಆರೋಪಿ ಬೇಕಾದರೆ ಅದಕ್ಕೆ ಬೇರೆಯೇ ಲೆಕ್ಕ.

ಹಾಸನದವರು ಇದನ್ನು ಕಣ್ಣೆದುರೇ ನೋಡಿದ್ದಾರೆ. ಆಗ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರನ್ನು 2024ರ ಮೇ 31ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ಬಂಧಿಸಿತು. ಮೊದಲು ಎಸ್‌ಐಟಿ ಕಸ್ಟಡಿ. ಜೂನ್ ಎರಡನೇ ವಾರದಲ್ಲಿ ನ್ಯಾಯಾಂಗ ಬಂಧನ. ಅದಾಗಿ ಎರಡೇ ದಿನಕ್ಕೆ ಮತ್ತೆ ಎಸ್‌ಐಟಿ ಕಸ್ಟಡಿ. ‘ಇದೇನು, ಜೈಲಿಗೆ ಹಾಕಿ ಮತ್ತೆ ಹೊರಗೆ ತಂದರಲ್ಲ’ ಅಂತ ಟೀ ಅಂಗಡಿಗಳಲ್ಲಿ ಕೇಳಿಸಿಕೊಂಡ ಪ್ರಶ್ನೆಗೆ ಉತ್ತರ ಇಷ್ಟೇ: ಅವರ ಮೇಲೆ ಒಂದಕ್ಕಿಂತ ಹೆಚ್ಚು ಪ್ರಕರಣ ಇದ್ದವು. ಬಾಡಿ ವಾರಂಟ್, ಅಂದರೆ ಜೈಲಿನಲ್ಲಿರುವವರನ್ನು ಹಾಜರುಪಡಿಸಿ ಅನ್ನುವ ಕೋರ್ಟಿನ ಆದೇಶ, ಪಡೆದು ಇನ್ನೊಂದು ಪ್ರಕರಣದಲ್ಲಿ ಕರೆತಂದರು. ಆಗಿನ್ನೂ ಹಳೆ ಕಾನೂನೇ ಇತ್ತು. (ಒಂದು ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆಯೂ ಆಯಿತು.) ಅಂದರೆ ‘ಹದಿನೈದು ದಿನ’ ಅನ್ನುವುದು ಮನುಷ್ಯನಿಗೆ ಒಂದು ಸಲ ಸಿಗುವ ರಕ್ಷಣೆ ಯಾವತ್ತೂ ಆಗಿರಲಿಲ್ಲ. ಕೇಸಿಗೆ ಒಂದರಂತೆ ಇತ್ತು.

ಹೊಸ ಕಲಂ ಏನು ಬದಲಿಸಿತು

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂತು. ಬಾಯಲ್ಲಿ ಹೇಳುವುದು ಬಿಎನ್‌ಎಸ್‌ಎಸ್. ಹಳೆಯ 167ರ ಜಾಗದಲ್ಲಿ 187ನೇ ಕಲಂ ಬಂದಿದೆ. ಒಟ್ಟು ದಿನ ಈಗಲೂ 15. ಆದರೆ ಆ 15ನ್ನು ಒಂದೇ ಸಲಕ್ಕಾದರೂ ತೆಗೆದುಕೊಳ್ಳಬಹುದು, ತುಂಡು ತುಂಡಾಗಿಯಾದರೂ ತೆಗೆದುಕೊಳ್ಳಬಹುದು. ಚಾರ್ಜ್‌ಶೀಟ್ ಹಾಕಲು 60 ದಿನ ಇರುವ ಪ್ರಕರಣದಲ್ಲಿ ಮೊದಲ 40 ದಿನದೊಳಗೆ, 90 ದಿನ ಇರುವ ಪ್ರಕರಣದಲ್ಲಿ ಮೊದಲ 60 ದಿನದೊಳಗೆ ಯಾವಾಗ ಬೇಕಾದರೂ.

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಮೂಡಿಗೆರೆ ಹತ್ತಿರದ ತೋಟದ ಮಾಲೀಕರೊಬ್ಬರು ಒಳ್ಳೆ ರೇಟ್ ಬರಲಿ ಅಂತ ಗೋಡೌನಿನಲ್ಲಿ ಹತ್ತು ಮೂಟೆ ಕರಿಮೆಣಸು ಇಟ್ಟಿದ್ದರು. ರಾತ್ರೋರಾತ್ರಿ ಕಳುವಾಯಿತು. ನವೆಂಬರ್ 30ರ ಸಂಜೆ ಒಬ್ಬ ಸಿಕ್ಕಿಬಿದ್ದ. ಮಾಲು ಇಡುವ ಕಟ್ಟಡದಲ್ಲಿ ಮಾಡಿದ ಕಳ್ಳತನಕ್ಕೆ ಏಳು ವರ್ಷದವರೆಗೆ ಶಿಕ್ಷೆ. ಹಾಗಾಗಿ ಇದು 60 ದಿನದ ಲೆಕ್ಕದ ಕೇಸು. ಏಳು ವರ್ಷದೊಳಗಿನ ಕೇಸಲ್ಲಿ ಬಂಧನವೇ ಕಡ್ಡಾಯವಲ್ಲ, ನೋಟಿಸ್ ಕೊಟ್ಟು ಕರೆಸಬಹುದು. ಆದರೂ ಬಂಧನ ಬೇಕಿತ್ತು ಅಂತ ಪೊಲೀಸರು ಕಾರಣ ಬರೆದರು ಅಂದುಕೊಳ್ಳಿ.

ಡಿಸೆಂಬರ್ 1ರಂದು ಕೋರ್ಟಿಗೆ ಹಾಜರು. ಎಣಿಕೆ ಶುರುವಾಗುವುದು ಇಲ್ಲಿಂದ, ಬಂಧಿಸಿದ ದಿನದಿಂದಲ್ಲ. ರಿಮಾಂಡ್ ಆದ ದಿನವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಮ್ಯಾಜಿಸ್ಟ್ರೇಟರು ನಾಲ್ಕು ದಿನ ಪಿಸಿ ಕೊಟ್ಟರು. ಐದು ಮೂಟೆ ಸಿಕ್ಕಿತು. ಡಿಸೆಂಬರ್ 5ಕ್ಕೆ ಆರೋಪಿ ಜೈಲಿಗೆ ಹೋದ. 15ರಲ್ಲಿ 4 ಕಳೆದು 11 ದಿನ ಪೊಲೀಸರ ಖಾತೆಯಲ್ಲಿ ಉಳಿಯಿತು.

ಡಿಸೆಂಬರ್ 20ಕ್ಕೆ ಸಕಲೇಶಪುರದಲ್ಲಿ ಎರಡನೆಯವನು ಸಿಕ್ಕ. ‘ಉಳಿದ ಮೂಟೆ ಎಲ್ಲಿದೆ ಅಂತ ಮೊದಲನೆಯವನಿಗೇ ಗೊತ್ತು’ ಅಂದ. ಹಳೆ ಕಾನೂನಿನಲ್ಲಿ ಪೊಲೀಸರು ಕೈ ಚೆಲ್ಲಬೇಕಿತ್ತು, ಯಾಕೆಂದರೆ ಡಿಸೆಂಬರ್ 15ಕ್ಕೇ ಬಾಗಿಲು ಮುಚ್ಚಿತ್ತು. ಹೊಸ ಕಾನೂನಿನಲ್ಲಿ ಉಳಿದ 11 ದಿನದಲ್ಲಿ ಒಂದಿಷ್ಟನ್ನು ಕೇಳಬಹುದು. ಕೋರ್ಟ್ ಕೊಡಲೇಬೇಕು ಅಂತಿಲ್ಲ. ಕೇಳಲು ಅವಕಾಶ ಇರುವುದು ಜನವರಿ 9ರವರೆಗೆ. ಅದು ನಲವತ್ತನೇ ದಿನ.

ವಾಟ್ಸಾಪಿನ ‘90 ದಿನ’ ಹುಟ್ಟಿದ್ದು ಎಲ್ಲಿಂದ ಅಂತಲೂ ಇಲ್ಲೇ ಹೇಳಿಬಿಡಬೇಕು. 15 ದಿನ ಮೀರಿದ ಬಂಧನದ ಬಗ್ಗೆ ಹೇಳುವಾಗ ಹಳೆ ಕಲಂನಲ್ಲಿ ‘ಪೊಲೀಸರ ಕಸ್ಟಡಿಯಲ್ಲಿ ಅಲ್ಲದೆ’ ಅನ್ನುವ ಅರ್ಥದ ಕೆಲವು ಪದ ಇದ್ದವು. ಹೊಸ ಕಲಂನ ಆ ಜಾಗದಲ್ಲಿ ಅವು ಇಲ್ಲ. ಅಷ್ಟೇ ಭಾಗ ಕಿತ್ತು ಓದಿದರೆ 60 ಅಥವಾ 90 ದಿನ ಪೂರ್ತಿ ಠಾಣೆಯಲ್ಲಿ ಇಡಬಹುದು ಅನಿಸುತ್ತದೆ. ಆದರೆ ಅದಕ್ಕೆ ಮುಂಚಿನ ಉಪಕಲಂ ಒಟ್ಟು 15 ಅಂತ ಗೆರೆ ಎಳೆದಿದೆ. ಮಸೂದೆಯನ್ನು ಪರಿಶೀಲಿಸಿದ ಸಂಸದೀಯ ಸ್ಥಾಯಿ ಸಮಿತಿಯೂ 2023ರಲ್ಲಿ ಈ ಭಾಗ ದುರುಪಯೋಗ ಆಗಬಹುದು, ಸ್ಪಷ್ಟಪಡಿಸಿ ಅಂತ ಹೇಳಿತ್ತು. ಸ್ಪಷ್ಟಪಡಿಸಲು ಒಂದು ಸಾಲು ಸಾಕಿತ್ತು. ಆ ಸಾಲು ಬರಲಿಲ್ಲ. ಮಿತಿ 15 ದಿನವೇ ಅಂತ ಕಾನೂನು ಜಾರಿಯಾದ ದಿನ ಗೃಹ ಸಚಿವರು ಬಾಯಿಮಾತಿನಲ್ಲಿ ಹೇಳಿದರು, ಅಷ್ಟೇ.

40 ದಿನವೋ 60 ದಿನವೋ

ಯಾವ ಕೇಸಿಗೆ ಯಾವ ಲೆಕ್ಕ ಅನ್ನುವುದರಲ್ಲೂ ಒಂದು ತೊಡಕು ಇತ್ತು. ಮರಣದಂಡನೆ, ಜೀವಾವಧಿ, ‘ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ’ ಶಿಕ್ಷೆಯ ಅಪರಾಧಕ್ಕೆ 90 ದಿನ ಅಂತ ಹೊಸ ಕಲಂ ಹೇಳುತ್ತದೆ. ಹಾಗಾದರೆ ‘ಹತ್ತು ವರ್ಷದವರೆಗೆ’ ಶಿಕ್ಷೆ ಕೊಡಬಹುದಾದ ಅಪರಾಧ ಯಾವ ಕಡೆಗೆ? ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ 2024ರ ಕೊನೆಗೆ ಇದನ್ನು ಬಿಡಿಸಿತು. ಕನಿಷ್ಠ ಶಿಕ್ಷೆ ಹತ್ತು ವರ್ಷ ಅಂತಿದ್ದರೆ ಮಾತ್ರ 90. ‘ಹತ್ತರವರೆಗೆ’ ಅಂತಿದ್ದರೆ 60 ದಿನದಲ್ಲೇ ಚಾರ್ಜ್‌ಶೀಟ್ ಹಾಕಬೇಕು, ಪೊಲೀಸ್ ಕಸ್ಟಡಿ ಮೊದಲ 40 ದಿನದೊಳಗೇ ಮುಗಿಯಬೇಕು. ನಮ್ಮ ತಾಲ್ಲೂಕು ಕೋರ್ಟುಗಳಿಗೆ ಬರುವ ಕೇಸುಗಳಲ್ಲಿ ಹೆಚ್ಚಿನವು 60ರ ಗುಂಪಿನವೇ.

ಪೊಲೀಸರು ಹೇಳುವುದು

ಅವರ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಬಂಧನ ಆದ ತಕ್ಷಣ ‘ಎದೆನೋವು’ ಅಂತ ಆಸ್ಪತ್ರೆ ಸೇರುವ ಆರೋಪಿಗಳು ಇದ್ದಾರೆ, ಹಣ ಇದ್ದವರಲ್ಲಿ ಜಾಸ್ತಿ. ಹದಿನೈದು ದಿನ ಆಸ್ಪತ್ರೆ ಹಾಸಿಗೆಯಲ್ಲಿ ಕಳೆದರೆ ಹಳೆ ಲೆಕ್ಕದಲ್ಲಿ ಪೊಲೀಸ್ ಕಸ್ಟಡಿಯೇ ಮುಗಿದುಹೋಯಿತು. 2023ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ವಿಕಾಸ್ ಮಿಶ್ರಾ, ಸೆಂಥಿಲ್ ಬಾಲಾಜಿ ಪ್ರಕರಣಗಳಲ್ಲಿ ಆಸ್ಪತ್ರೆವಾಸದ ಪ್ರಶ್ನೆಯೇ ಎದ್ದಿತ್ತು. ಆರೋಪಿ ಹೀಗೆ ಕಾನೂನನ್ನು ಆಟ ಆಡಿಸಲು ಬಿಡಬಾರದು ಅನ್ನುವ ಧಾಟಿಯಲ್ಲಿ ಕೋರ್ಟ್ ಮಾತಾಡಿತು. 1992ರ ತೀರ್ಪನ್ನು ದೊಡ್ಡ ಪೀಠ ಮತ್ತೆ ನೋಡಲಿ ಅಂತಲೂ ಹೇಳಿತು. ಹೊಸ ಕಲಂ ಬಂದದ್ದು ಈ ಗಾಳಿಯಲ್ಲಿ.

ಇನ್ನೊಂದು ಕಾರಣ ತನಿಖೆಯ ಸ್ವರೂಪ ಬದಲಾಗಿರುವುದು. ಈಗ ಕೇಸಿನ ಅರ್ಧ ಸಾಕ್ಷ್ಯ ಮೊಬೈಲಿನಲ್ಲಿ ಇರುತ್ತದೆ. ಫೋನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋಗಿ, ಕರೆ ವಿವರ, ಬ್ಯಾಂಕ್ ವಿವರ ಬಂದು ಕೂರುವಷ್ಟರಲ್ಲಿ ಮೊದಲ ಎರಡು ವಾರ ಕಳೆದಿರುತ್ತದೆ. ಕೈಯಲ್ಲಿ ಏನೂ ಇಲ್ಲದೆ ಮೊದಲ ದಿನವೇ ಕೇಳುವುದಕ್ಕಿಂತ, ದಾಖಲೆ ಇಟ್ಟುಕೊಂಡು ಆಮೇಲೆ ಕೇಳುವುದು ಒಳ್ಳೆ ತನಿಖೆ ಅಲ್ವಾ ಅನ್ನುತ್ತಾರೆ. ಇದು ಸರಿಯಾದ ಮಾತೇ. ದಾಖಲೆ ಎದುರಿಗಿದ್ದರೆ ಬಾಯಿ ಬಿಡಿಸಲು ಕೈ ಎತ್ತುವ ಆಸೆಯೂ ಕಡಿಮೆಯಾಗಬೇಕು, ಕಾಗದದ ಮೇಲಾದರೂ.

ಆದರೆ ದಾಖಲೆ ಎದುರಿಗಿಟ್ಟು ಪ್ರಶ್ನೆ ಕೇಳಲು ಲಾಕಪ್ಪೇ ಯಾಕೆ? ಜೈಲಿನಲ್ಲೇ ಕೇಳಬಹುದಲ್ಲ? ಇದಕ್ಕೆ ಉತ್ತರ ಸಾಕ್ಷ್ಯ ಕಾನೂನಿನಲ್ಲಿದೆ. ಪೊಲೀಸರ ಮುಂದೆ ‘ನಾನೇ ಮಾಡಿದ್ದು’ ಅಂದರೆ ಅದು ಕೋರ್ಟಿನಲ್ಲಿ ಸಾಕ್ಷ್ಯವಲ್ಲ. ಆದರೆ ಆರೋಪಿ ಕೊಟ್ಟ ಮಾಹಿತಿಯಿಂದ ವಸ್ತುವೊಂದು ಸಿಕ್ಕರೆ, ಆ ಮಾಹಿತಿಯಲ್ಲಿ ಸಿಕ್ಕಿದ್ದಕ್ಕೆ ಸಂಬಂಧಪಟ್ಟಷ್ಟು ಭಾಗ ಸಾಕ್ಷ್ಯವಾಗುತ್ತದೆ. ಹೊಸ ಸಾಕ್ಷ್ಯ ಕಾನೂನಿನ 23ನೇ ಕಲಂ ಇದನ್ನೇ ಮುಂದುವರಿಸಿದೆ. ಅದಕ್ಕೇ ಪೊಲೀಸರಿಗೆ ಆರೋಪಿ ಬೇಕು. ಪಂಚರನ್ನು ಕರೆದುಕೊಂಡು, ಅವನು ತೋರಿಸಿದ ಜಾಗಕ್ಕೆ ಹೋಗಿ, ಮೂಟೆ ಎತ್ತಿ, ಮಹಜರು ಬರೆಯಬೇಕು. ಜೈಲಿನೊಳಗೆ ಕೂತು ಇದನ್ನು ಮಾಡಲು ಬರುವುದಿಲ್ಲ.

ವಕೀಲರು ಹೆದರುವುದು

ವಕೀಲರ ಕಡೆಯ ವಾದವನ್ನು ಒಂದು ಮಾತಿನಲ್ಲಿ ಹೇಳಬಹುದು: ದಿನ ಹೆಚ್ಚಿಲ್ಲ, ಹೆದರಿಕೆಯ ಅವಧಿ ಹೆಚ್ಚಿದೆ.

ಮೊದಲು ಹದಿನಾರನೇ ದಿನದಿಂದ ಆರೋಪಿಗೆ ಒಂದು ಧೈರ್ಯ ಇತ್ತು. ಇನ್ನು ಈ ಕೇಸಲ್ಲಿ ಠಾಣೆಗೆ ವಾಪಸ್ ಕರೆದೊಯ್ಯಲು ಆಗಲ್ಲ. ಲಾಕಪ್ಪಿನಲ್ಲಿ ಏಟು ಬಿದ್ದಿದ್ದರೆ ಮುಂದಿನ ಹಾಜರಿಯಲ್ಲಿ ಮ್ಯಾಜಿಸ್ಟ್ರೇಟರಿಗೆ ಹೇಳಬಹುದಿತ್ತು. ಈಗ ನಾಲ್ಕು ದಿನ ಮುಗಿಸಿ ಜೈಲಿಗೆ ಬಂದವನಿಗೆ ಉಳಿದ 11 ದಿನ ನೆನಪಿರುತ್ತದೆ. ದೂರು ಹೇಳಿದ ಮೇಲೆ ಮತ್ತೆ ಅದೇ ಠಾಣೆಯ, ಅದೇ ಕೋಣೆಗೆ ಹೋಗಬೇಕಾದರೆ? ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಈ ಪರಿಣಾಮ ಯಾವ ಅಂಕಿ ಅಂಶದಲ್ಲೂ ಕಾಣುವುದಿಲ್ಲ. ಹೇಳದೆ ಉಳಿದ ದೂರನ್ನು ಎಣಿಸುವುದು ಹೇಗೆ?

ನನಗೆ ಕಾಣುವಂತೆ ಹೊಸ ಕಲಂನ ನಿಜವಾದ ತೂಕ ಇರುವುದು ಇಲ್ಲಿ. ಪೊಲೀಸರ ಕಷ್ಟ ನಿಜ, ಆದರೆ ಆ ಕಷ್ಟಕ್ಕೆ ಅಳತೆಯ ಅಂಗಿ ಹೊಲಿಯಬಹುದಿತ್ತು. ಆಸ್ಪತ್ರೆಯಲ್ಲಿ ಕಳೆದ ದಿನ ಲೆಕ್ಕಕ್ಕಿಲ್ಲ, ಹೊಸ ಸಾಕ್ಷ್ಯ ಸಿಕ್ಕರೆ ಮಾತ್ರ ಎರಡನೇ ಸಲ ಪಿಸಿ ಅಂತ ಬರೆದಿದ್ದರೆ ಸಾಕಿತ್ತು. ಅದರ ಬದಲು ಎಲ್ಲ ಕೇಸಿಗೂ, ಎಲ್ಲ ಆರೋಪಿಗೂ ಕಿಟಕಿ ಅಗಲ ಮಾಡಿದ್ದಾರೆ.

ಜಾಮೀನಿನ ಮೇಲೆ ಬೀಳುವ ನೆರಳು

ಎರಡನೇ ಪರಿಣಾಮ ಜಾಮೀನಿನದು. ಹದಿನೈದು ದಿನ ದಾಟಿದ ಮೇಲೆ ‘ಪೊಲೀಸರಿಗೆ ಇನ್ನು ಇವನು ಬೇಕಿಲ್ಲ’ ಅಂತ ವಕೀಲರು ವಾದಿಸುತ್ತಿದ್ದರು. ಈಗ ಸರ್ಕಾರಿ ವಕೀಲರು ಎದ್ದು ‘ಇನ್ನೂ 11 ದಿನ ಬಾಕಿ ಇದೆ, ಮತ್ತೆ ಕೇಳುವವರಿದ್ದೇವೆ’ ಅಂದರೆ? ಜಾಮೀನು ಅರ್ಜಿ ನಲವತ್ತನೇ ದಿನದವರೆಗೆ ನೇತಾಡಬಹುದು.

ಕಾನೂನು ಬರೆದವರಿಗೂ ಇದು ಹೊಳೆದಿತ್ತು ಅನಿಸುತ್ತದೆ. ಬಿಎನ್‌ಎಸ್‌ಎಸ್‌ನ 480ನೇ ಕಲಂನಲ್ಲಿ ಒಂದು ಮಾತು ಸೇರಿಸಿದ್ದಾರೆ. ಮೊದಲ ಹದಿನೈದು ದಿನದ ಆಚೆಗೂ ಪೊಲೀಸ್ ಕಸ್ಟಡಿಗೆ ಬೇಕಾಗಬಹುದು ಅನ್ನುವುದೊಂದೇ ಕಾರಣಕ್ಕೆ ಜಾಮೀನು ನಿರಾಕರಿಸುವಂತಿಲ್ಲ. ಬೇರೆ ರೀತಿಯಲ್ಲಿ ಜಾಮೀನಿಗೆ ಅರ್ಹನಿದ್ದು, ಕೋರ್ಟಿನ ಸೂಚನೆ ಪಾಲಿಸುತ್ತೇನೆ ಅಂತ ಬರೆದುಕೊಟ್ಟರೆ ಬಿಡಬಹುದು. ಒಳ್ಳೆಯ ಸಾಲು. ಆದರೆ ‘ಅದೊಂದೇ ಕಾರಣಕ್ಕೆ’ ಅನ್ನುವ ಪದಗಳ ಪಕ್ಕದಲ್ಲಿ ಇನ್ನೊಂದು ಕಾರಣ ಬರೆಯುವುದು ಎಷ್ಟು ಸುಲಭ ಅಂತ ಕೋರ್ಟಿನಲ್ಲಿ ನಿಂತವರಿಗೆಲ್ಲ ಗೊತ್ತು.

ಲೆಕ್ಕಕ್ಕೇ ಬಾರದ ಗಂಟೆಗಳು

ಇಷ್ಟೆಲ್ಲ ದಿನದ ಲೆಕ್ಕ ಮಾಡುವಾಗ ಒಂದು ವಿಷಯ ಮರೆಯಬಾರದು. ನಮ್ಮ ಕಡೆ ದೊಡ್ಡ ಸುದ್ದಿಯಾದ ಠಾಣೆಯ ದೌರ್ಜನ್ಯದ ಆರೋಪಗಳು ರಿಮಾಂಡ್ ಆದ ಮೇಲಿನವಲ್ಲ, ಅದಕ್ಕೆ ಮುಂಚಿನವು.

2021ರ ಮೇ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ ತನ್ನನ್ನು ಹೊಡೆದು, ಮೂತ್ರ ನೆಕ್ಕುವಂತೆ ಮಾಡಿದರು ಅಂತ ದಲಿತ ಯುವಕರೊಬ್ಬರು ದೂರು ಕೊಟ್ಟರು. ಪಿಎಸ್‌ಐ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. 2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರು ಪಟ್ಟಣದಲ್ಲಿ ಹೆಲ್ಮೆಟ್ ವಿಚಾರದಲ್ಲಿ ಶುರುವಾದ ಜಗಳ ಯುವ ವಕೀಲರೊಬ್ಬರ ಮೇಲೆ ಠಾಣೆಯಲ್ಲಿ ಹಲ್ಲೆ ಆಯಿತೆಂಬ ಆರೋಪದವರೆಗೆ ಹೋಯಿತು. ಪೊಲೀಸರು ಅಮಾನತಾದರು, ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು, ಇತ್ತ ಪೊಲೀಸರೂ ಬೀದಿಗಿಳಿದು ಪ್ರತಿಭಟಿಸಿದರು. ಎರಡು ಘಟನೆಯಲ್ಲೂ ಆರೋಪ ಇದ್ದದ್ದು ಮ್ಯಾಜಿಸ್ಟ್ರೇಟರ ಮುಂದೆ ಹೋಗದ ಗಂಟೆಗಳ ಬಗ್ಗೆ.

‘ವಿಚಾರಣೆಗೆ ಅಂತ ಕರೆದುಕೊಂಡು ಹೋಗಿದ್ದಾರೆ’ ಅಂತಾರಲ್ಲ, ಅಪಾಯ ಇರುವುದು ಆ ಮಾತಿನಲ್ಲಿ. ಆಗಿನ್ನೂ ಬಂಧನ ಅಂತ ಕಾಗದದಲ್ಲಿ ಇಲ್ಲ. ಕಾಗದದಲ್ಲಿ ಇಲ್ಲದ ಬಂಧನಕ್ಕೆ 24 ಗಂಟೆಯ ಗಡಿಯಾರ ಓಡಿಸುವವರು ಯಾರು? ಮನುಷ್ಯ ತನ್ನಿಷ್ಟದಂತೆ ಎದ್ದು ಹೋಗಲಾಗದ ಕ್ಷಣದಿಂದಲೇ ಅದು ಓಡಬೇಕು. ರೈಟರ್ ಸಮಯ ಬರೆದಾಗಿನಿಂದ ಅಲ್ಲ. ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು. ಬಂಧಿಸಿದ ಜಾಗದಿಂದ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಘಾಟಿ ರಸ್ತೆಯಲ್ಲಿ ಬರಬೇಕು. ಮಳೆಗಾಲದಲ್ಲಿ ‘ಪ್ರಯಾಣದ ಸಮಯ’ ಎಷ್ಟು ಬೇಕಾದರೂ ಉದ್ದ ಆಗಬಹುದು.

ಈ ಗಂಟೆಗಳನ್ನು ಹಿಡಿಯಲು ಕಾನೂನಿನಲ್ಲಿ ಇರುವ ಉಪಾಯಗಳು ಹಳೆಯವು. 1996ರ ಡಿ.ಕೆ. ಬಸು ತೀರ್ಪು ಬಂಧನದ ಮೆಮೊ, ಮನೆಯವರಿಗೆ ಸುದ್ದಿ, ಕಸ್ಟಡಿಯಲ್ಲಿರುವಾಗ 48 ಗಂಟೆಗೊಮ್ಮೆ ವೈದ್ಯರ ಪರೀಕ್ಷೆ ಎಲ್ಲವನ್ನೂ ಹೇಳಿತ್ತು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಬಾಗಿಲು, ಲಾಕಪ್ಪು, ಪಡಸಾಲೆಯಲ್ಲೂ ಸಿಸಿಟಿವಿ ಇರಬೇಕು ಅಂದಿತು. ಐದು ವರ್ಷ ಕಳೆಯುತ್ತ ಬಂದರೂ ಕ್ಯಾಮೆರಾ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ 2025ರಲ್ಲಿ ತಾನೇ ಮತ್ತೆ ಪ್ರಕರಣ ದಾಖಲಿಸಿಕೊಳ್ಳಬೇಕಾಯಿತು. ಬಂಧನದ ಕಾರಣವನ್ನು ಬರಹದಲ್ಲೇ ಕೊಡಬೇಕು ಅಂತ 2025ರ ನವೆಂಬರಿನಲ್ಲಿ ಎಲ್ಲ ಅಪರಾಧಗಳಿಗೂ ಅನ್ವಯಿಸಿ ಹೇಳಿತು. ಹೊಸ ಸಂಹಿತೆಯ 37ನೇ ಕಲಂ ಪ್ರಕಾರ ಬಂಧಿತರ ವಿವರ ಠಾಣೆಯಲ್ಲಿ ಎದ್ದು ಕಾಣುವ ಹಾಗೆ ಹಾಕಬೇಕು. ಮನೆಯವರು ಠಾಣೆಗೆ ಹೋದಾಗ ಮೊದಲು ಆ ಬೋರ್ಡ್ ನೋಡಬೇಕು. ಹೆಸರು ಇಲ್ಲದಿದ್ದರೆ ಆ ಕ್ಷಣವೇ ಪ್ರಶ್ನೆ ಹುಟ್ಟುತ್ತದೆ. ವಕೀಲರಿಗೆ ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು. ವಿಚಾರಣೆ ನಡೆಯುವಾಗ, ಪೂರ್ತಿ ಹೊತ್ತು ಅಲ್ಲದಿದ್ದರೂ, ವಕೀಲರನ್ನು ಭೇಟಿ ಮಾಡುವ ಹಕ್ಕು ಇದೆ.

ಜೈಲು ತುಂಬಿದರೆ?

ಇಂಗ್ಲೆಂಡಿನಲ್ಲಿ ಇದೇ ವಿಷಯ ತಲೆಕೆಳಗಾಗಿ ಬಂತು. ಅಲ್ಲಿ ಪೊಲೀಸರು ಕೇಳಿದ್ದಲ್ಲ, ಜೈಲಿನಲ್ಲೇ ಜಾಗ ಇಲ್ಲ. 2022ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ 400 ಪೊಲೀಸ್ ಸೆಲ್‌ಗಳನ್ನು ಕೈದಿಗಳಿಗೆ ಕೊಡಿ ಅಂತ ಕೇಳಿತು. ಇದಕ್ಕೆ ‘ಆಪರೇಷನ್ ಸೇಫ್‌ಗಾರ್ಡ್’ ಅಂತ ಹೆಸರು. 2024ರ ಆಗಸ್ಟ್‌ನಲ್ಲಿ ಗಲಭೆಗಳಾಗಿ ಜನ ಸಾಲುಸಾಲಾಗಿ ಬಂಧನವಾದಾಗ, ಜೈಲಿನಲ್ಲಿ ಜಾಗ ಖಾಲಿಯಾಗುವವರೆಗೆ ಠಾಣೆಯ ಸೆಲ್‌ನಲ್ಲೇ ಕಾಯಿಸಿ, ಆಮೇಲೆ ಕೋರ್ಟಿಗೆ ತಂದರು. ಕೊನೆಗೆ ಶಿಕ್ಷೆಯ ಶೇ 40ರಷ್ಟು ಮುಗಿಸಿದ ಸಾವಿರಾರು ಜನರನ್ನು ಮೊದಲೇ ಬಿಡಬೇಕಾಯಿತು.

ನಮ್ಮಲ್ಲಿ ಜೈಲು ತುಂಬಿಲ್ಲವೇ? ತುಂಬಿ ತುಳುಕುತ್ತಿದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಜಾಗ ಇದ್ದದ್ದು 4,36,266 ಜನಕ್ಕೆ. ಒಳಗಿದ್ದವರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ನಾಲ್ಕರಲ್ಲಿ ಮೂರು ಜನ ಇನ್ನೂ ಅಪರಾಧಿ ಅಂತ ತೀರ್ಮಾನ ಆಗದವರು. ಆದರೂ ನಮ್ಮಲ್ಲಿ ಜೈಲು ತುಂಬಿತು ಅಂತ ಜೆಸಿಗೆ ಹೋದವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಪೊಲೀಸ್ ಕಸ್ಟಡಿ ಅಂದರೆ ಠಾಣೆ, ನ್ಯಾಯಾಂಗ ಬಂಧನ ಅಂದರೆ ಜೈಲು ಅಥವಾ ಸರ್ಕಾರ ಜೈಲು ಅಂತ ಘೋಷಿಸಿದ ಜಾಗ, ಬೇರೆಲ್ಲೂ ಇಡಕೂಡದು ಅಂತ 187ನೇ ಕಲಂ ಬರೆದಿದೆ. ಇದು ಹೊಸ ಕಾನೂನಿನ ಒಳ್ಳೆ ಸೇರ್ಪಡೆ. ‘ಇವತ್ತು ಹೊತ್ತಾಯಿತು, ರಾತ್ರಿ ಠಾಣೆಯಲ್ಲೇ ಇರಲಿ, ನಾಳೆ ಜೈಲಿಗೆ ಬಿಡೋಣ’ ಅನ್ನುವ ಮಾತಿಗೆ ಇದರಲ್ಲಿ ಜಾಗ ಇಲ್ಲ. ಪ್ರತಿಭಟನೆ ಮಾಡಿದವರನ್ನು ಜಿಲ್ಲಾ ಸಶಸ್ತ್ರ ಪೊಲೀಸ್ ಪಡೆಯ (ಡಿಎಆರ್) ಮೈದಾನದಲ್ಲಿ ಕೂರಿಸಿ ಸಂಜೆ ಬಿಡುತ್ತಾರಲ್ಲ, ಅದು ಮುನ್ನೆಚ್ಚರಿಕೆಯ ಬಂಧನ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇನ್ನು ಎಲ್ಲ ಇರುವುದು ಒಂದು ಹಾಳೆಯಲ್ಲಿ

ಹೊಸ ಕಲಂ ಹೇಗೆ ಬಳಕೆಯಾಗುತ್ತದೆ ಅನ್ನುವುದು ದೆಹಲಿಯಲ್ಲಿ ತೀರ್ಮಾನ ಆಗುವುದಕ್ಕಿಂತ ಜಾಸ್ತಿ ತಾಲ್ಲೂಕಿನ ಜೆಎಂಎಫ್‌ಸಿ ಕೋರ್ಟಿನಲ್ಲಿ, ಅಂದರೆ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ, ತೀರ್ಮಾನ ಆಗುತ್ತದೆ. ಅಲ್ಲಿ ಪೊಲೀಸರು ಕೊಡುವುದು ರಿಮಾಂಡ್ ಅರ್ಜಿ. ಜತೆಗೆ ಕೇಸ್ ಡೈರಿಯ, ಅಂದರೆ ತನಿಖೆಯ ದಿನಚರಿಯ ಪ್ರತಿ. ಪಿಸಿ ಕೇಳಿದಾಗೆಲ್ಲ ಆರೋಪಿಯನ್ನು ಖುದ್ದಾಗಿ ಮುಂದೆ ನಿಲ್ಲಿಸಬೇಕು, ವಿಡಿಯೊದಲ್ಲಿ ಅಲ್ಲ. ವಿಡಿಯೊ ಇರುವುದು ನ್ಯಾಯಾಂಗ ಬಂಧನ ಮುಂದುವರಿಸಲು ಮಾತ್ರ. ಪಿಸಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಕಾರಣ ಬರೆಯಬೇಕು, ಅದರ ಪ್ರತಿ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು.

ಕಷ್ಟ ಏನೆಂದರೆ, ಇದೆಲ್ಲ ನಡೆಯುವುದು ಸಂಜೆ ಹೊತ್ತಿನ ಕೆಲವೇ ನಿಮಿಷದಲ್ಲಿ. ‘ಹೆಚ್ಚಿನ ತನಿಖೆಗೆ ಅಗತ್ಯವಿರುತ್ತದೆ’ ಅನ್ನುವ ಸವೆದುಹೋದ ಸಾಲು ಅರ್ಜಿಯಲ್ಲಿ ಇರುತ್ತದೆ. ಹಳೆ ಕಾನೂನಿನಲ್ಲಿ ಆ ಸಾಲನ್ನು ಒಪ್ಪಿದರೂ ಹದಿನೈದನೇ ದಿನಕ್ಕೆ ಎಲ್ಲ ಮುಗಿಯುತ್ತಿತ್ತು. ತಪ್ಪು ಆದೇಶಕ್ಕೂ ಒಂದು ಗಡುವು ಇತ್ತು. ಈಗ ಅದೇ ಸಾಲು ಇಪ್ಪತ್ತನೇ ದಿನ, ಮೂವತ್ತನೇ ದಿನ ಮತ್ತೆ ಬರಬಹುದು. ಹಾಗಾಗಿ ಎರಡನೇ ಸಲ ಪಿಸಿ ಕೇಳಿದಾಗ ಕೇಳಬೇಕಾದ ಪ್ರಶ್ನೆಗಳು ಬೇರೆ. ಮೊದಲ ನಾಲ್ಕು ದಿನದಲ್ಲಿ ಏನು ಮಾಡಿದಿರಿ? ಆಗ ಗೊತ್ತಿರದ ಯಾವ ಸಂಗತಿ ಈಗ ಗೊತ್ತಾಗಿದೆ? ಅದಕ್ಕೆ ಆರೋಪಿ ಜಾಗ ತೋರಿಸಲೇಬೇಕೋ, ಇಲ್ಲ ಜೈಲಿನಲ್ಲೇ ಕೇಳಿದರೆ ಸಾಕೋ? ಎಷ್ಟು ದಿನ ಬಳಸಿದ್ದೀರಿ, ಎಷ್ಟು ಉಳಿದಿದೆ? ಕೊನೆಯ ಪ್ರಶ್ನೆಯ ಉತ್ತರ ಪ್ರತಿ ಆದೇಶದಲ್ಲೂ ಅಂಕಿಯಲ್ಲಿ ಬರೆದಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಆರೋಪಿಯ ಮನೆಯವರಿಗೂ ಓದಿದರೆ ತಿಳಿಯುತ್ತದೆ.

ನಮ್ಮ ಕರಿಮೆಣಸಿನ ಕೇಸಿಗೆ ವಾಪಸ್ ಬರೋಣ. ಡಿಸೆಂಬರ್ 22ರಂದು ಪೊಲೀಸರು ಮತ್ತೆ ಅರ್ಜಿ ಹಾಕಿದರು. ಎರಡನೆಯವನ ಹೇಳಿಕೆ ಲಗತ್ತಿಸಿದ್ದರು. ಮ್ಯಾಜಿಸ್ಟ್ರೇಟರು ಎರಡು ದಿನ ಕೊಟ್ಟರು. ಬೇಲಿ ಬದಿಯ ಪಾಳು ಲೈನ್ ಮನೆಯೊಂದರಲ್ಲಿ ಉಳಿದ ಐದು ಮೂಟೆ ಸಿಕ್ಕಿತು. ಪಂಚರು ಸಹಿ ಹಾಕಿದರು. ಮಹಜರು ಮೊಬೈಲಿನಲ್ಲಿ ರೆಕಾರ್ಡ್ ಆಯಿತು, ಈಗ ಅದು ಕಡ್ಡಾಯ. ಆರೋಪಿ ವಾಪಸ್ ಜೈಲಿಗೆ. ಖಾತೆಯಲ್ಲಿ ಇನ್ನೂ 9 ದಿನ ಉಳಿದಿದೆ. ಜನವರಿ 9 ಕಳೆದರೆ ಆ ಒಂಬತ್ತು ದಿನ ಬಳಸಿದ್ದರೂ ಅಷ್ಟೇ, ಬಳಸದಿದ್ದರೂ ಅಷ್ಟೇ. ಜನವರಿ 10ರ ಬೆಳಿಗ್ಗೆಯಿಂದ ಆ ಕೇಸಿನಲ್ಲಿ ಅವನಿಗೆ ಲಾಕಪ್ಪಿನ ಬಾಗಿಲು ಇಲ್ಲ. ಜನವರಿ 29ರೊಳಗೆ ಚಾರ್ಜ್‌ಶೀಟ್ ಬರದಿದ್ದರೆ, ಮಾರನೇ ದಿನ ಅರ್ಜಿ ಹಾಕಿ, ಜಾಮೀನು ಕೊಡಲು ಸಿದ್ಧನಿದ್ದರೆ, ಜೈಲಿನ ಬಾಗಿಲೂ ತೆರೆಯಬೇಕು.